ಕೊಟ್ಟ ಊರು

ಮಸೂತಿ
ತಾ. 12-8-2024

ರೇಣುಕಾಗೆ,

ಈ ಅಕ್ಷರ ಯಾರದೆಂದು ಗುರುತು ಹತ್ತಿದ್ದರೆ, ಹರಿದು ಒಲೆಗೆ ಹಾಕುವ ಮುಂಚೆ ಅರ್ಧವನ್ನಾದರೂ ಓದು. ನಾನು ಸುನಂದಾ. ನಿಡಗುಂದಿಯ ಹೈಸ್ಕೂಲಿನಲ್ಲಿ ಮೂರು ವರ್ಷ ನಿನ್ನ ಮಗ್ಗುಲಲ್ಲಿ ಕೂತು, ಗಣಿತದ ಸರ್ ಬೋರ್ಡಿನ ಕಡೆ ತಿರುಗಿದಾಗಲೆಲ್ಲ ನಿನ್ನ ಕಿವಿಯಲ್ಲಿ ಒಗಟು ಹಾಕುತ್ತಿದ್ದವಳು.

ನಾನೀಗ ಮಸೂತಿಯ ಅಂಚೆ ಕಚೇರಿ ನೋಡಿಕೊಳ್ಳುತ್ತೇನೆ. ಕಚೇರಿ ಅಂದರೆ ಒಂದು ಟೇಬಲ್ಲು, ಒಂದು ತಕ್ಕಡಿ, ತಾರೀಖು ಒತ್ತುವ ಒಂದು ಠಸ್ಸೆ. ಪೆನ್ಶನ್ ಕೇಳಿಕೊಂಡು ಬರುವವರು ಬೇಕಾದಷ್ಟಿದ್ದಾರೆ, ಕಾಗದ ಬರೆಯುವವರು ಮಾತ್ರ ಇಲ್ಲ. ಹೋದ ವಾರ ಮಗಳ ಮನೆಗೆಂದು ಈ ಊರಿಗೆ ಬಂದಿದ್ದ ಮುಮ್ತಾಜಬಿ ಎಂಬ ಮುದುಕಿ ನನ್ನ ಮುಖವನ್ನೇ ದಿಟ್ಟಿಸಿ, "ನೀ ನಿಡಗುಂದಿ ಶ್ರೀಶೈಲಪ್ಪನ ಮಗಳಲ್ಲೇನವಾ? ನಮ್ಮ ಬೇವಿನದಿನ್ನಿಗೆ ಸೈಕಲ್ ಮ್ಯಾಲ ಬರ್ತಿದ್ದಿ" ಅಂದಳು. ನಿಮ್ಮೂರು ಬೇವಿನದಿನ್ನಿಯ ಹೆಸರು ಕಿವಿಗೆ ಬಿದ್ದು ಎಷ್ಟು ವರ್ಷವಾಗಿತ್ತು! ಆಲಮಟ್ಟಿಯ ನೀರಿನೊಳಗೆ ಹೋದ ಊರಿನ ಹೆಸರನ್ನು ಆ ಊರಿನವರಲ್ಲದೆ ಇನ್ನು ಯಾರು ಹೇಳುತ್ತಾರೆ. ನೀನು ಸಿಂದಗಿ ತಾಲೂಕಿನ ದೇವಣಗಾಂವದಲ್ಲಿರುವುದು, ಗಂಡನ ಹೆಸರು ಮಾಳಿಂಗ ಎಂಬುದು, ನಿಮಗೆ ಕುರಿಗಳಿರುವುದು, ನಿಮ್ಮವ್ವ ಲಕ್ಕವ್ವ ಕಾಕು ನಿನ್ನ ಹತ್ತಿರವೇ ಇರುವುದು, ಎಲ್ಲವೂ ಆಕೆಯಿಂದಲೇ ತಿಳಿಯಿತು.

ನಮ್ಮ ಆಟದ ಕಾಯ್ದೆ ನೆನಪಿದೆಯೇ? ಒಗಟು ಒಡೆಯಲಾಗದವರು "ಸೋತೆ, ಊರು ತಗೋ" ಅನ್ನಬೇಕು. ಯಾವ ಊರು ಬೇಕೆಂದು ಗೆದ್ದವರು ಹೇಳಬೇಕು. ಎಲ್ಲ ಕಡೆಯ ಮಕ್ಕಳೂ ಹಾಗೇ ಊರು ಕೊಟ್ಟು ಮರುದಿನ ಮರೆಯುತ್ತಾರೆ. ನಾವು ನೋಟುಬುಕ್ಕಿನ ಹಿಂದೆ ಜಿಲ್ಲೆಯ ನಕಾಶೆ ಬರೆದು, ನಿನ್ನ ಊರುಗಳಿಗೆ ನೀಲಿ, ನನ್ನವಕ್ಕೆ ಕೆಂಪು ಹಚ್ಚಿದ್ದೆವು. ಇಂಡಿ ನಿನ್ನದು, ಸಿಂದಗಿ ನನ್ನದು. ಮುದ್ದೇಬಿಹಾಳ ಒಂದೇ ತಿಂಗಳಲ್ಲಿ ಮೂರು ಸಲ ಬಣ್ಣ ಬದಲಿಸಿ ಅಲ್ಲಿ ಕಾಗದವೇ ತೂತು ಬಿದ್ದಿತ್ತು. ಬಸವನ ಬಾಗೇವಾಡಿಯನ್ನು ಮಾತ್ರ ಪಣಕ್ಕೆ ಹಚ್ಚಬಾರದು, ಬಸವಣ್ಣನವರ ಊರನ್ನು ಹಿಡಿದು ಆಡುವಷ್ಟು ದೊಡ್ಡವರಲ್ಲ ನಾವು ಎಂದು ನೀನು ಕಣ್ಣು ಬಿಟ್ಟು ಹೇಳಿದ್ದೆ. ಕೊಟ್ಟ ಊರಿಗೆ, ಅದೇ ಒಗಟು ಒಡೆದು ಗೆದ್ದುಕೊಳ್ಳುವ ತನಕ, ಕಾಲಿಡುವಂತಿಲ್ಲ ಎಂಬ ಕಾಯ್ದೆಯೂ ನಿನ್ನದೇ. ಮಸೂತಿಯನ್ನು ನಾನು ನಿನಗೆ ಸೋತಿದ್ದೆ. ಲಗ್ನವಾಗಿ ಬಂದದ್ದು ಅದೇ ಮಸೂತಿಗೆ. ಟೆಂಪೊದಿಂದ ಇಳಿಯುವಾಗ ಒಂದು ಗಳಿಗೆ ಕಾಲು ತಡೆಯಿತು. ತವರು ಬಿಟ್ಟ ದುಃಖ ಎಂದು ಬೀಗರೆಲ್ಲ ಕಣ್ಣೊರೆಸಿಕೊಂಡರು. ನಾನು ಮನಸ್ಸಿನಲ್ಲೇ ನಿನ್ನ ಅಪ್ಪಣೆ ಕೇಳುತ್ತಿದ್ದೆ.

ನಿಮ್ಮೂರಿನ ಕೊನೆಯ ಯುಗಾದಿಯೂ ನೆನಪಾಗುತ್ತದೆ. ಬೇವಿನ ಗಿಡದ ಕೆಳಗೆ ಹಚ್ಚೆಯವಳು ಕೂತಿದ್ದಳು, ಇಬ್ಬರೂ ಮಣಿಕಟ್ಟಿಗೆ ಒಂದೊಂದು ಬೊಟ್ಟು ಚುಚ್ಚಿಸಿಕೊಂಡೆವು. ನನ್ನ ಅಳು ಕೇಳಿ ಹಟ್ಟಿಯ ಕುರಿಗಳು ಬೆದರಿ ಓಡಿದವು ಎಂದು ನೀನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಇಪ್ಪತ್ಮೂರು ವರ್ಷವಾಯಿತು. ಫೋನ್ ನಂಬರು ಕೊಡುವ ಮನಸ್ಸಿದ್ದರೆ ಕೊಡು. ಹೇಗಿದ್ದೀ ಎಂದು ಬಾಯಿಬಿಟ್ಟು ಕೇಳುವ ಧೈರ್ಯ ಇನ್ನೂ ಬಂದಿಲ್ಲ, ಅದಕ್ಕೇ ಬರೆದು ಕೇಳುತ್ತಿದ್ದೇನೆ.

ನಿನ್ನ ಗೆಳತಿ ಎಂದು ಬರೆದುಕೊಳ್ಳಬಹುದೋ ಇಲ್ಲವೋ ತಿಳಿಯದ,
ಸುನಂದಾ


ದೇವಣಗಾಂವ
ತಾ. 3-9-2024

ಸುನಂದಾ,

ಅಕ್ಷರ ಗುರುತು ಹತ್ತಿತು. ಒಲೆಗೆ ಹಾಕಲಿಲ್ಲ. ನಮ್ಮ ಮನೆಯಲ್ಲಿ ಈಗ ಗ್ಯಾಸ್ ಇದೆ.

ಫೋನ್ ನಂಬರು ಕೊಡುವುದಿಲ್ಲ. ನೀನು ಮಾತು ಶುರು ಮಾಡಿದರೆ ನನಗೆ ಬಾಯಿ ತೆರೆಯಲು ಆಗುವುದಿಲ್ಲ, ಮೊದಲಿನಿಂದಲೂ ಹಾಗೇ. ಕಾಗದವಾದರೆ ನಾಲ್ಕು ದಿನ ಯೋಚಿಸಿ ಉತ್ತರ ಕೊಡಬಹುದು.

ಚೆನ್ನಾಗಿದ್ದೇನೆ. ನಮ್ಮನೆಯವರು ವರ್ಷದಲ್ಲಿ ಆರು ತಿಂಗಳು ಕುರಿಯ ಹಿಂದೆ ಊರೂರು ತಿರುಗುತ್ತಾರೆ, ನಾನು ಮರಿಗಳನ್ನೂ ಅವ್ವನನ್ನೂ ನೋಡಿಕೊಂಡು ಇಲ್ಲಿರುತ್ತೇನೆ. ಒಗಟಿನ ಚಟ ಬಿಟ್ಟಿಲ್ಲ. ಸಂತೆಯಲ್ಲಿ ಬಜಿ ಕಟ್ಟಿಕೊಟ್ಟ ಪೇಪರಿನಲ್ಲಿ ಪದಬಂಧ ಕಂಡರೆ ಎಣ್ಣೆಯ ಕಲೆಯ ಮೇಲೇ ಬಿಡಿಸುತ್ತೇನೆ. ಒಂದೊಂದು ಮನೆ ತುಂಬಿದಾಗ ಹೊಟ್ಟೆ ತುಂಬಿದ ಹಾಗಾಗುತ್ತದೆ. "ಉತ್ತರ ನಾಳಿನ ಸಂಚಿಕೆಯಲ್ಲಿ" ಎಂದು ಕೆಳಗಿರುತ್ತದೆ. ಮುಂದಿನ ಸಂತೆಯ ಬಜಿಗೆ ಯಾವ ದಿನದ ಪೇಪರ್ ಬರುತ್ತದೋ ಯಾರಿಗೆ ಗೊತ್ತು. ಸರಿಯೋ ತಪ್ಪೋ ತಿಳಿಯದೆ ಬಿಡಿಸುವುದು ನನಗೆ ರೂಢಿಯಾಗಿದೆ.

ನೀನು ಎಲ್ಲವನ್ನೂ ಬರೆದೆ, ಒಂದನ್ನು ಬಿಟ್ಟೆ. 2001ರ ಮೇ ತಿಂಗಳು. ನಾವು ಬಾಗಿಲು, ತೊಲೆ ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದ ದಿನ ನೀನು ಬಂದೆ. ಹನುಮಪ್ಪನ ಕಟ್ಟೆಯ ಮೇಲೆ ಕೂತು ಕೊನೆಯ ಒಗಟು ಹಾಕಿದೆ. ಮರೆತಿದ್ದರೆ ಇಲ್ಲಿದೆ:

ಬರುವಾಗ ಅಳಿಸೇತಿ, ಬಂದ ಮ್ಯಾಲ ನಗಿಸೇತಿ,
ಹೊತ್ತರ ಭಾರಿಲ್ಲ, ಹೊಳ್ಯಾಗ ಮುಳುಗಿದರ ತೊಯ್ಯಂಗಿಲ್ಲ,
ಕತ್ತಲಾದರೂ ಬಿಟ್ಟು ಹೋಗಂಗಿಲ್ಲ,
ಕೊಡತೇನಿ ಅಂದರ ಕೊಡಾಕ ಬರಂಗಿಲ್ಲ.

ನನಗೆ ಒಡೆಯಲಾಗಲಿಲ್ಲ. ಸೋತೆ, ಇಂಡಿ ತಗೋ ಅಂದೆ. ನೀನು ಒಲ್ಲೆ ಅಂದೆ. "ನಿನ್ನ ಬೇವಿನದಿನ್ನೀನ ಕೊಡು" ಅಂದೆ. ಸ್ವಂತ ಊರನ್ನು ಕೊಡಬಾರದೆಂದು ಇಬ್ಬರಿಗೂ ಗೊತ್ತಿತ್ತು. ಟ್ರ್ಯಾಕ್ಟರಿನವನು ಹಾರ್ನ್ ಹೊಡೆಯುತ್ತಿದ್ದ, ಅವ್ವ ಕೂಗುತ್ತಿದ್ದಳು. "ತಗೋ ಹೋಗು" ಅಂದು ಹತ್ತಿ ಕೂತೆ. ಆಗಸ್ಟಿನಲ್ಲಿ ನೀರು ಬಂತು.

ನಗಬೇಡ. ಅಣೆಕಟ್ಟು ನನ್ನ ಮಾತಿನಿಂದ ತುಂಬಲಿಲ್ಲ ಎಂದು ನನಗೂ ಗೊತ್ತು. ಆದರೆ ನಮ್ಮೂರನ್ನು ನೀರು ತಗೊಳ್ಳುವ ಮುಂಚೆ ನಾನು ಕೊಟ್ಟುಬಿಟ್ಟಿದ್ದೆ, ಅದೂ ಸುಳ್ಳಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಕಟ್ಟೆ ಮೇಲೆ ಬರುತ್ತದೆ, ಊರಿನವರೆಲ್ಲ ಹೋಗಿ ಹನುಮಪ್ಪನಿಗೆ ಕಾಯಿ ಒಡೆದು ಬರುತ್ತಾರೆ. ನಾನು ಒಂದು ವರ್ಷವೂ ಹೋಗಿಲ್ಲ. ಅವ್ವನನ್ನೂ ಕರೆದುಕೊಂಡು ಹೋಗಿಲ್ಲ. ಒಂದು ವರ್ಷ ಬಿಸಿಲು ಅಂದೆ, ಒಂದು ವರ್ಷ ಕುರಿ ಮರಿ ಹಾಕುವ ಕಾಲ ಅಂದೆ. ಈಗ ಆಕೆಗೆ ಎಪ್ಪತ್ತು ದಾಟಿದೆ. ದಿನಾ ಕೇಳುತ್ತಾಳೆ, "ಈ ಬ್ಯಾಸಿಗಿಗರೆ ಒಮ್ಮಿ ಕಟ್ಟಿ ಮ್ಯಾಲ ಕುಂಡ್ರಸ್ತಿಯೇನ?" ನಾನು ಊರು ಕೊಟ್ಟದ್ದು ಆಕೆಗೆ ಗೊತ್ತಿಲ್ಲ.

ಬರುವ ಮೇ ತಿಂಗಳೊಳಗೆ ನಿನ್ನ ಒಗಟು ಒಡೆಯುತ್ತೇನೆ, ನನ್ನ ಊರು ತಗೊಳ್ಳುತ್ತೇನೆ, ಅವ್ವನನ್ನು ಕಟ್ಟೆಯ ಮೇಲೆ ಕೂಡಿಸುತ್ತೇನೆ. ನೆರಳು ಅಲ್ಲ, ಅದು ಕತ್ತಲಲ್ಲಿ ಬಿಟ್ಟು ಹೋಗುತ್ತದೆ. ಹೆಸರು ಅಲ್ಲ, ಹೆಸರಿಡುವಾಗ ಯಾರೂ ಅಳುವುದಿಲ್ಲ. ಇಷ್ಟು ದಿನದಲ್ಲಿ ಇಂಥ ನಲವತ್ತು ಉತ್ತರ ಬಿಟ್ಟಿದ್ದೇನೆ.

ರೇಣುಕಾ

ತಾ.ಕ.: ನಿನ್ನ ಸಿಂದಗಿಗೆ ಇವತ್ತಿಗೂ ಕಾಲಿಟ್ಟಿಲ್ಲ. ಬಸ್ಸಿನಲ್ಲಿ ಹಾದು ಹೋಗುತ್ತೇನೆ, ಇಳಿಯುವುದಿಲ್ಲ. ಸಂತೆಗೆ ಆಲಮೇಲಕ್ಕೆ ಹೋಗುತ್ತೇನೆ.


ಮಸೂತಿ
ತಾ. 20-9-2024

ರೇಣೀ,

ನಿನ್ನ ಕಾಗದ ಬಂದ ದಿನ ಅದಕ್ಕೆ ನಾನೇ ಠಸ್ಸೆ ಹೊಡೆದೆ. ಗಡಿಬಿಡಿಯಲ್ಲಿ ತಾರೀಖು ಎರಡೆರಡು ಸಲ ಮೂಡಿತು. ಸಿಂದಗಿಯಲ್ಲಿ ಇಳಿಯದೆ ಆಲಮೇಲಕ್ಕೆ ಹೋಗುತ್ತೇನೆ ಎಂಬುದನ್ನು ಓದಿ ಮೊದಲು ನಕ್ಕೆ. ಆಮೇಲೆ ಊಟ ಸೇರಲಿಲ್ಲ.

ನನಗೂ ಒಗಟಿನ ಚಟ ಹೋಗಿಲ್ಲ. ಅಂಚೆಯಲ್ಲಿ ವಿಳಾಸ ಒಡೆಯುವುದು ನನ್ನ ಪಾಲಿಗೆ ದಿನದ ಒಗಟು. ಮೊನ್ನೆ ಒಂದು ಲಕೋಟೆಯ ಮೇಲೆ ಬರೀ "ಬಸ್ಸು ತಿರುಗುವಲ್ಲಿ, ನಬಿಲಾಲನ ಚಹಾದಂಗಡಿ ಹಿಂದೆ, ಕುಂಟ ಎಮ್ಮೆಯವರ ಮನೆ" ಎಂದಿತ್ತು. ನಬಿಲಾಲ ಅಂಗಡಿ ಮುಚ್ಚಿ ಆರು ವರ್ಷ, ಎಮ್ಮೆ ಸತ್ತು ಹತ್ತು ವರ್ಷ. ಆದರೂ ಮುಟ್ಟಿಸಿದೆ. ಆ ಮನೆಯ ಅಜ್ಜಿ ಕಾಗದವನ್ನು ಬಿಟ್ಟು ನನ್ನನ್ನೇ ಹಿಡಿದುಕೊಂಡು ಅತ್ತಳು.

ಈಗ ನನ್ನ ಮಾತು ಕೇಳು. ಬೇವಿನದಿನ್ನಿಯನ್ನು ನಿನಗೆ ವಾಪಸ್ ಕೊಟ್ಟೆ. ಇದೋ, ಈ ಕಾಗದದ ಮೇಲೆ ಬರೆದು ಕೊಟ್ಟೆ. ಬೇಕಾದರೆ ಇನ್ನೊಂದು ಠಸ್ಸೆ ಹೊಡೆಯುತ್ತೇನೆ. ಹಳೆಯ ಆಟದ ಸಲುವಾಗಿ ಕಾಕುವಿನ ಆಸೆಯನ್ನು ತಡೆದು ಹಿಡಿಯಬೇಡ. ಒಗಟು ಹಾಳಾಗಿ ಹೋಗಲಿ. ಬೇಸಿಗೆಗೆ ಸುಮ್ಮನೆ ಬಾ.

ನಿಡಗುಂದಿಗೆ ಹೋಗುವಾಗ ಬಸ್ಸಿನ ಎಡಗಡೆ ಕೂಡುತ್ತೇನೆ. ಈಗ ನೀರು ಕಣ್ಣು ಹಾಯುವ ತನಕ ನಿಂತಿದೆ. ನಿಮ್ಮೂರು ಎಲ್ಲಿದೆ ಎಂದು ಅಂದಾಜು ಮಾಡಿ ಅಷ್ಟು ನೀರನ್ನೇ ನೋಡುತ್ತೇನೆ. ಕಂಡಕ್ಟರ್ "ಟಿಕೆಟ್ ಅಕ್ಕಾರ" ಎಂದು ಎರಡು ಸಲ ಕೂಗಬೇಕಾಗುತ್ತದೆ.

ಸುನಂದಾ


ದೇವಣಗಾಂವ
ತಾ. 5-11-2024

ಸುನಂದಾ,

ದೀಪಾವಳಿ ಮುಗಿಯಿತು, ಈಗ ಕೈ ಬಿಡುವಾಯಿತು.

ದಾನ ಕೊಟ್ಟ ಊರು ನನಗೆ ಬೇಡ. ನಮ್ಮೂರಿನವರಿಗೆ ಕೊಡುವವರು ಬಹಳ ಮಂದಿ ಬಂದರು. ಶೆಡ್ಡು ಕೊಟ್ಟರು, ಸೈಟು ಕೊಟ್ಟರು, ಬೇರೆ ಊರಿನ ಹೆಸರನ್ನೂ ಕೊಟ್ಟರು. ಇದೊಂದನ್ನು ನಾನು ಗೆದ್ದು ತಗೊಳ್ಳುತ್ತೇನೆ.

ಉತ್ತರ ಸಿಕ್ಕಿದೆ ಎಂದು ಕಾಣುತ್ತದೆ. ಪಾಡ್ಯದ ದಿನ ನಸುಕಿನಲ್ಲಿ ಒಂದು ಕುರಿ ಈದಿತು. ಮರಿ ಮಿಸುಕಾಡಲಿಲ್ಲ. ಮೂಗು ಒರೆಸಿ ಬಾಯಿಟ್ಟು ಊದಿದೆ. ಸ್ವಲ್ಪ ಹೊತ್ತಿಗೆ ಅದು ಬ್ಯಾ ಎಂದು ಅತ್ತಿತು, ಅದು ಅತ್ತ ಕೂಡಲೇ ನಾನೂ ಅವ್ವನೂ ನಕ್ಕೆವು. ನಗುತ್ತಿರುವಾಗಲೇ ಹೊಳೆಯಿತು. ಉಸಿರು! ಬರುವಾಗ ಅಳಿಸುತ್ತದೆ. ಭಾರವಿಲ್ಲ, ತೊಯ್ಯುವುದಿಲ್ಲ, ಕತ್ತಲಲ್ಲಿ ಬಿಟ್ಟು ಹೋಗುವುದಿಲ್ಲ, ಯಾರಿಗೂ ಕೊಡಲು ಬರುವುದಿಲ್ಲ.

ಮರಿಗೆ ಹೆಸರಿಟ್ಟಿಲ್ಲ. ನಿನ್ನ ಉತ್ತರ ಬಂದ ಮೇಲೆ ಇಡುತ್ತೇನೆ.

ರೇಣುಕಾ


ಮಸೂತಿ
ತಾ. 14-11-2024

ರೇಣೀ,

ಸರಿ! ಉಸಿರೇ ಉತ್ತರ. ಗೆದ್ದೆ ನೀನು. ಬೇವಿನದಿನ್ನಿ ನಿನ್ನದು. ಕಾಕುವಿಗೆ ಹೊಸ ಇಲಕಲ್ ಸೀರೆ ಉಡಿಸಿಕೊಂಡು ಬಾ. ದಂಡೆಯ ತನಕ ನಬಿಲಾಲನ ಮಗ ಅಫ್ತಾಬನ ಆಟೋ ಹೇಳಿ ಇಡುತ್ತೇನೆ. ಮರಿಗೆ ನನ್ನ ಹೆಸರನ್ನೇ ಇಡು, ಅದೂ ಬಹಳ ಅರಚಬಹುದು.

ಖುಷಿಯಲ್ಲಿ ಹೆಚ್ಚು ಬರೆಯಲಾಗುತ್ತಿಲ್ಲ.

ನಿನ್ನ ಗೆಳತಿ,
ಸುನಂದಾ


ದೇವಣಗಾಂವ
ತಾ. 2-12-2024

ಸುನಂದಾ,

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಲು ಹೊರಟವಳು ಬಾಗಿಲಲ್ಲೇ ನಿಂತೆ. ಹೊಳ್ಯಾಗ ಮುಳುಗಿದರೆ ಉಸಿರು ಉಳಿಯುತ್ತದೆಯೇ? ನಮ್ಮಂಥ ಮುಳುಗಡೆ ಊರಿನವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆದರೆ ನಿನಗೆ ಯಾಕೆ ಹೊಳೆಯಲಿಲ್ಲ? ಒಗಟು ನಿನ್ನದು. ಹೈಸ್ಕೂಲಿನಲ್ಲಿ ಒಂದೇ ಒಂದು ಸಾಲು ಹೊಂದದಿದ್ದರೂ ನೀನು ಮೂರು ದಿನ ಕಾಡುತ್ತಿದ್ದೆ, ತಪ್ಪು ಉತ್ತರಕ್ಕೆ ಒಂದು ಹಳ್ಳಿಯನ್ನೂ ಬಿಟ್ಟವಳಲ್ಲ. ಈಗ ಪೂರಾ ಊರನ್ನು ಬಿಟ್ಟುಕೊಟ್ಟೆ.

ನನ್ನ ಮೇಲೆ ಕರುಣೆ ತೋರಿಸುತ್ತಿದ್ದರೆ ಬೇಡ. ಒಂದು ಕೆಲಸ ಮಾಡು. ಸರಿಯಾದ ಉತ್ತರವನ್ನು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಅಂಟಿಸಿ ಕಳಿಸು. ನಾನು ಒಡೆಯುವುದಿಲ್ಲ, ನನ್ನ ಮೇಲೆ ಆಣೆ. ನನ್ನ ಉತ್ತರ ಸಿಕ್ಕ ದಿನ ಎರಡನ್ನೂ ಕೂಡಿಸಿ ನೋಡುತ್ತೇನೆ.

ಅವ್ವ ಹೋದ ವಾರ ಅಂಗಳದಲ್ಲಿ ಬಿದ್ದಳು. ಎಲುಬು ಮುರಿದಿಲ್ಲ, ಆದರೆ ಹಾಸಿಗೆ ಹಿಡಿದಿದ್ದಾಳೆ. ಡಾಕ್ಟರರ ಮುಂದೆಯೂ "ಬ್ಯಾಸಿಗಿ ಮಟಾ ಇರತೇನೇನ್ರಿ?" ಎಂದು ಕೇಳಿದಳು. ಬೇಗ ಕಳಿಸು.

ರೇಣುಕಾ


ಮಸೂತಿ
ತಾ. 16-1-2025

ರೇಣುಕಾ,

ಲಕೋಟೆಯನ್ನು ಆರು ಸಲ ಅಂಟಿಸಿ ಆರು ಸಲ ಹರಿದೆ. ಒಂದರಲ್ಲಿ ಮನಸ್ಸು ಎಂದು ಬರೆದೆ, ಇನ್ನೊಂದರಲ್ಲಿ ನೆನಪು ಎಂದು ಬರೆದೆ. ಯಾವುದೂ ನಾಲ್ಕು ಸಾಲಿಗೆ ಕೂಡಲಿಲ್ಲ. ಸಂಕ್ರಾಂತಿಯ ಎಳ್ಳು ಕೈಯಲ್ಲಿ ಹಿಡಿದುಕೊಂಡು ಇನ್ನು ಸುಳ್ಳು ಬರೆಯಲಾರೆ.

ಆ ಒಗಟಿಗೆ ಉತ್ತರವಿಲ್ಲ.

ಅಂದು ನಿಮ್ಮೂರಿಗೆ ಬರುವಾಗ ನನ್ನ ಹತ್ತಿರ ಒಗಟೇ ಇರಲಿಲ್ಲ. ಕಟ್ಟೆಯ ಮೇಲೆ ಕೂತು, ನಿಮ್ಮ ಮನೆಯ ಬಾಗಿಲು ಟ್ರ್ಯಾಕ್ಟರಿನಲ್ಲಿ ಮಲಗಿದ್ದನ್ನು ನೋಡುತ್ತ, ಬಾಯಿಗೆ ಬಂದ ನಾಲ್ಕು ಸಾಲು ಕಟ್ಟಿದೆ. ನೀನು ಹೊಸ ಊರಿನ ಮಾತನ್ನೇ ಆಡುತ್ತಿದ್ದೆ. ಅಲ್ಲಿ ನಳ ಬರುತ್ತದೆ, ಕರೆಂಟು ಇರುತ್ತದೆ ಅನ್ನುತ್ತಿದ್ದೆ. ನನ್ನ ಹೆಸರು ಒಂದು ಸಲವೂ ನಿನ್ನ ಬಾಯಿಂದ ಬರಲಿಲ್ಲ. ನನಗೆ ಹೊಟ್ಟೆ ಉರಿಯಿತು. ಒಡೆಯಲಾಗದ ಒಗಟು ಹಾಕಿ ನಿನ್ನ ಸ್ವಂತ ಊರನ್ನೇ ಇಟ್ಟುಕೊಂಡರೆ, ಉತ್ತರ ಕೇಳುವುದಕ್ಕಾದರೂ ನೀನು ತಿರುಗಿ ಬರುತ್ತೀ ಎಂದುಕೊಂಡೆ. ಉತ್ತರವಿಲ್ಲದ ಒಗಟು ಹಾಕುವುದು ಎಂಥ ಮೋಸ ಎಂದು ಗೊತ್ತಿದ್ದೇ ಹಾಕಿದೆ.

ನೀನು ಬರಲಿಲ್ಲ. ನನ್ನ ಸಿಟ್ಟಿಗೆ ನೀನು ಮುನಿಸಿಕೊಂಡೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಈಗ ನಿನ್ನ ಕಾಗದ ಓದಿದರೆ, ಉತ್ತರ ಸಿಗದೆ ಊರಿಗೆ ಕಾಲಿಡಬಾರದು ಎಂದು ನೀನು ಅಲ್ಲಿ ನಿಂತಿದ್ದೆ. ಉತ್ತರ ಕೇಳಲು ಬರುತ್ತಾಳೆ ಎಂದು ನಾನು ಇಲ್ಲಿ ನಿಂತಿದ್ದೆ. ಇಬ್ಬರ ವಯಸ್ಸೂ ಇದರಲ್ಲೇ ಹೋಯಿತು, ಕಾಕುವಿನ ಬೇಸಿಗೆಗಳೂ ಇದರಲ್ಲೇ ಹೋದವು. ನಾನು ನಿನ್ನೊಬ್ಬಳಿಗೆ ಮೋಸ ಮಾಡಿದೆ ಎಂದುಕೊಂಡಿದ್ದೆ. ಆಕೆಗೂ ಮಾಡಿದ್ದೇನೆ.

ನಕಾಶೆಯ ನೋಟುಬುಕ್ಕು ಇನ್ನೂ ಟ್ರಂಕಿನಲ್ಲಿದೆ. ಬೇವಿನದಿನ್ನಿಗೆ ಕೆಂಪು ಹಚ್ಚಲು ನನಗೆ ಕೈ ಬರಲಿಲ್ಲ. ಅದು ಯಾರ ಬಣ್ಣವೂ ಇಲ್ಲದೆ ಹಾಗೇ ಇದೆ.

ಬೈದು ಬರೆ. ಬೈಯಲಾದರೂ ಬರೆ.

ಸುನಂದಾ


ಮಸೂತಿ
ತಾ. 9-3-2025

ರೇಣೀ,

ಎರಡು ತಿಂಗಳಾಗುತ್ತ ಬಂತು. ದಿನಾ ಅಂಚೆಯ ಚೀಲ ನಾನೇ ಬಿಚ್ಚುತ್ತೇನೆ. ಬ್ಯಾಂಕಿನವು, ಎಲ್.ಐ.ಸಿ.ಯವು, ಆಧಾರ್ ಕಾರ್ಡಿನವು. ಚೀಲವನ್ನು ತಿರುವಿ ಹಾಕಿ ಜಾಡಿಸುವುದನ್ನು ನೋಡಿ ಅಫ್ತಾಬ "ಏನ್ ಹುಡುಕಾಕತ್ತೀರಿ ಅಕ್ಕಾರ?" ಅಂದ. ಏನಿಲ್ಲೋ ಅಂದೆ.

ಕಾಕು ಹೇಗಿದ್ದಾರೆ? ಅದೊಂದನ್ನಾದರೂ ಒಂದು ಕಾರ್ಡಿನಲ್ಲಿ ಬರೆ.

ನೀರು ಇಳಿಯುತ್ತಿದೆ.

ಸುನಂದಾ


ದೇವಣಗಾಂವ
ತಾ. 7-4-2025

ಸುನಂದಾ,

ಅವ್ವ ಇದ್ದಾಳೆ. ಮೊದಲು ಅದನ್ನು ಓದಿಕೋ.

ನಿನ್ನ ಕಾಗದ ಓದಿ ಬಹಳ ಸಿಟ್ಟು ಬಂತು. ಬಜಿ ಕಟ್ಟಿದ ಪೇಪರಿನ ಪದಬಂಧಕ್ಕಾದರೂ ಎಲ್ಲೋ ಒಂದು ಕಡೆ ಉತ್ತರ ಅಚ್ಚಾಗಿರುತ್ತದೆ, ನನಗೆ ಸಿಗದಿದ್ದರೂ ಇರುತ್ತದೆ. ನೀನು ಅಷ್ಟನ್ನೂ ಇಟ್ಟಿರಲಿಲ್ಲ. ಇಲ್ಲದ್ದನ್ನು ಇಪ್ಪತ್ಮೂರು ವರ್ಷ ಹುಡುಕಿದೆನಲ್ಲ ಎಂದು ಮರಿಗಳ ಮುಂದೆ ಕೂತು ನಿನ್ನನ್ನು ಬೈದೆ. ಬರೆಯಲು ಕೂತರೆ ಬರೀ ಬೈಗುಳ ಬರುತ್ತಿತ್ತು, ಅದಕ್ಕೇ ಬರೆಯಲಿಲ್ಲ.

ಯುಗಾದಿಯ ದಿನ ಬೇವು ಬೆಲ್ಲ ಬಾಯಿಗಿಟ್ಟಾಗ ಅವ್ವ ಮತ್ತೆ ಕೇಳಿದಳು, "ಬ್ಯಾಸಿಗಿ ಬಂತಲ್ಲ, ಯಾವಾಗ ಹೋಗೂದು?" ಇನ್ನೊಂದು ನೆವ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಅವ್ವಾ, ಊರ ನಾನ ಕೊಟ್ಟೇನಿ, ಒಗಟದಾಗ ಸೋತು ಕೊಟ್ಟೇನಿ ಎಂದು ಆಕೆಯ ಕಾಲ ಹತ್ತಿರ ಕೂತು ಅತ್ತೆ. ಆಕೆ ಕೇಳಿದ್ದು ಒಂದೇ ಮಾತು.

"ಏನಂತ ಹಾಕಿದ್ಲು ಒಗಟ? ಹೇಳು."

ಹೇಳಿದೆ. ನಾಲ್ಕನೆಯ ಸಾಲು ಮುಗಿಯುವುದರೊಳಗೆ ಆಕೆ ಹಾಸಿಗೆಯಿಂದ ಎಡಗೈ ಮುಂದೆ ಚಾಚಿದಳು.

"ಇದ ಅಲ್ಲೇನ ಹುಚ್ಚಿ? ಹಚ್ಚಿ! ಚುಚ್ಚುವಾಗ ಅಳಸ್ತೈತಿ, ಚುಚ್ಚಿದ ಮ್ಯಾಲ ನೋಡಿ ನೋಡಿ ನಗತೀವಿ. ಹೊಳ್ಯಾಗ ಮುಳುಗಿದರ ತೊಗಲು ತೊಯ್ದೀತು, ಹಚ್ಚಿ ತೊಯ್ದೀತೇನು? ಸತ್ತರೂ ಕೂಡ ಬರೂ ಹಚ್ಚಿ, ಕತ್ತಲಿಗಿ ಅಂಜಿ ಎಲ್ಲಿ ಹೋಗತೈತಿ? ಯಾರಿಗರೆ ಕೊಡಾಕ ಬರತೈತೇನು ಇದು?"

ಸುನಂದಾ, ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಪ್ಪತ್ಮೂರು ವರ್ಷ ಒಂದೇ ಮನೆಯಲ್ಲಿದ್ದೆವು, ನಾನು ಆಕೆಯನ್ನು ಒಂದು ಸಲವೂ ಕೇಳಲಿಲ್ಲ. ಕೇಳಿದರೆ ಊರು ಕೊಟ್ಟದ್ದು ಗೊತ್ತಾಗುತ್ತದೆ ಎಂಬ ಅಂಜಿಕೆ. ಆಕೆ ಇನ್ನೂ ಹೇಳಿದಳು.

"ಈ ಹಚ್ಚಿ ಬೇವಿನ ಗಿಡದ ಬುಡಕ್ಕ ಕುಂತು ಚುಚ್ಚಿಸಿಕೊಂಡದ್ದು, ಲಗ್ನ ಆಗಿ ಬಂದ ವರ್ಷ. ಇದನ್ನ ಕೊಡಾಕ ಬರಂಗಿಲ್ಲ ಅಂದ ಮ್ಯಾಲ, ಊರ ಹ್ಯಾಂಗ ಕೊಟ್ಟಿ ನೀ? ಅಳಬ್ಯಾಡ. ಬಸ್ಸ ಎಷ್ಟೊತ್ತಿಗೈತಿ ನೋಡು."

ಉತ್ತರವಿಲ್ಲ ಎಂದು ಬರೆದೆಯಲ್ಲ, ನಿನ್ನ ಮಣಿಕಟ್ಟು ನೋಡಿಕೋ. ಅಂದು ಕಟ್ಟೆಯ ಮೇಲೆ ಕೂತಾಗ ನಮ್ಮ ಬೊಟ್ಟುಗಳ ಹಕ್ಕಳೆ ಉದುರಿ ಇನ್ನೂ ತಿಂಗಳಾಗಿತ್ತು. ನೀನು ಅತ್ತದ್ದು ಒಗಟಿನ ಮೊದಲ ಸಾಲಿನಲ್ಲಿದೆ. ನಾನು ನಿನ್ನ ಮಣಿಕಟ್ಟು ಹಿಡಿದುಕೊಂಡು ಬೊಟ್ಟು ನೋಡಿ ನಕ್ಕದ್ದೂ ಅಲ್ಲೇ ಇದೆ. ಬಾಯಿಗೆ ಬಂದದ್ದನ್ನು ಕಟ್ಟಿದೆ ಅಂತೀ. ಬಾಯಿಗೆ ಬಂದದ್ದು ಅದೇ. ನೀನು ಮೋಸ ಮಾಡಬೇಕೆಂದು ಕೂತರೂ ನಿನ್ನಿಂದ ಮೋಸ ಆಗಲಿಲ್ಲ, ಅಷ್ಟು ದಡ್ಡಿ ನೀನು. ಇದನ್ನು ಬರೆಯುವಾಗ ನಗುತ್ತಿದ್ದೇನೆ, ಕಾಗದದ ಮೇಲಿನ ಕಲೆ ನೋಡಿ ಬೇರೆ ಏನೂ ತಿಳಿಯಬೇಡ.

ಒಗಟು ಒಡೆದೆ. ಊರು ನನ್ನದು.

ಮೇ ಹದಿನೆಂಟು, ಭಾನುವಾರ ಬರುತ್ತೇವೆ. ಅವ್ವ ನಡೆಯುವುದಿಲ್ಲ. ನಮ್ಮನೆಯವರು ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಬರುತ್ತಾರೆ, ದಂಡೆಯಿಂದ ಕಟ್ಟೆಯ ತನಕ ಎತ್ತಿಕೊಳ್ಳುವುದು ಅವರ ಕೆಲಸ. ಒಂದು ತೊಡಕಿದೆ. ಸಿಂದಗಿಯಲ್ಲಿ ಬಸ್ಸು ಬದಲಿಸಬೇಕು. ಇಳಿಯಲು ಅಪ್ಪಣೆ ಬೇಕು.

ನಿನ್ನ ಗೆಳತಿ,
ರೇಣುಕಾ

ತಾ.ಕ.: ಮರಿಗೆ ಸುನಂದಾ ಎಂದೇ ಹೆಸರಿಟ್ಟೆವು. ನೀನು ಹೇಳಿದ ಹಾಗೇ ಬಹಳ ಅರಚುತ್ತದೆ.


ಮಸೂತಿ
ತಾ. 4-5-2025

ರೇಣೀ,

ಸಿಂದಗಿಯಲ್ಲಿ ಇಳಿಯಲು ಅಪ್ಪಣೆ ಕೊಟ್ಟಿದ್ದೇನೆ. ಸ್ಟ್ಯಾಂಡಿನಲ್ಲಿ ಕಾಕುವಿಗೆ ಚಹಾ ಕುಡಿಸು.

ನಿನ್ನ ಕಾಗದ ಬಂದ ದಿನದಿಂದ ಬಲಗೈಯಲ್ಲಿ ಠಸ್ಸೆ ಹೊಡೆಯುತ್ತೇನೆ, ಕಣ್ಣು ಎಡಗೈಯ ಮಣಿಕಟ್ಟಿನ ಮೇಲಿರುತ್ತದೆ. ಇಷ್ಟು ವರ್ಷ ಅದರ ಮೇಲೇ ಬಳೆ ಹಾಕಿಕೊಂಡಿದ್ದೆ. ಬಣ್ಣ ಸ್ವಲ್ಪ ಹಸಿರಾಗಿದೆ, ಬೊಟ್ಟು ಮಾತ್ರ ಅಷ್ಟೇ ಇದೆ. ನೋಟುಬುಕ್ಕು ತೆಗೆದು ಬೇವಿನದಿನ್ನಿಗೆ ನೀಲಿ ಹಚ್ಚಿದೆ.

ಇವತ್ತು ನೋಡಿಕೊಂಡು ಬರೋಣವೆಂದು ಹೋಗಿದ್ದೆ. ನೀರು ದೂರ ಸರಿದಿದೆ. ಎರೆಮಣ್ಣು ಬಿರಿದು ಒಣಗಿದೆ, ನಡುವೆ ದಿನ್ನೆ ಎದ್ದು ನಿಂತಿದೆ. ಗೋಡೆಗಳ ಬುನಾದಿ ಕಾಣುತ್ತದೆ, ನಿಮ್ಮ ಮನೆ ಯಾವುದೆಂದು ಎಣಿಸಿ ಹಿಡಿದೆ. ಬೇವಿನ ಗಿಡ ಮೋಟಾಗಿ ಕರ್ರಗೆ ನಿಂತಿದೆ. ಕಟ್ಟೆ ಪೂರಾ ಮೇಲೆ ಬಂದಿದೆ, ಒಂದು ಕಲ್ಲೂ ಅಲುಗಿಲ್ಲ. ಮುಮ್ತಾಜಬಿ ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಕಟ್ಟೆಯ ಮೇಲೆ ಕೂತು ನನ್ನನ್ನು ಕೂಗಿದಳು, "ಬಾರವಾ, ಬಿಸಲಾಗ ಯಾಕ ನಿಂತಿ? ಮ್ಯಾಲ ಬಂದು ಕೂಡು."

"ಊರಿನ ಒಡತಿ ಇನ್ನೂ ಬಂದಿಲ್ರಿ" ಅಂದೆ. ಅವರೆಲ್ಲ ನಕ್ಕರು. ನಾನು ದಂಡೆಯಲ್ಲೇ ನಿಂತು ನೋಡಿ ತಿರುಗಿ ಬಂದೆ.

ಹದಿನೆಂಟರಂದು ಬೆಳಿಗ್ಗೆಯಿಂದ ಅಲ್ಲೇ ನಿಂತಿರುತ್ತೇನೆ. ಮೊದಲು ಕಾಕುವನ್ನು ಕೂಡಿಸು. ಆಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂಡಲಿ. ಆಮೇಲೆ ನೀನು ನನ್ನ ಹೆಸರು ಹಿಡಿದು ಕರೆ. ನೀನು ಕರೆಯದೆ ನಿನ್ನ ಊರಿಗೆ ಕಾಲಿಡುವುದಿಲ್ಲ.

ದಂಡೆಯ ಮೇಲಿನ,
ಸುನಂದಾ